ಕಪ್ ಗೆದ್ದವರು ಯಾರು, ಪೇಟ ಯಾರ ತಲೆಗೆ?

ಸೋಮವಾರ ಬೆಳಿಗ್ಗೆ ಫ್ಯಾಕ್ಟರಿ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿದವಳು ಬೆಚ್ಚಿಬಿದ್ದೆ. ಆಳೆತ್ತರದ ಫ್ಲೆಕ್ಸ್. ಅದರ ತುಂಬ ನಮ್ಮ ಪ್ಲಾಂಟ್ ಮ್ಯಾನೇಜರ್ ಸಾಹೇಬರ ನಗುಮುಖ. ಚುನಾವಣೆಗೇನಾದರೂ ನಿಂತರಾ? ಇಲ್ಲ. ಅವರ ‘ಸಮರ್ಥ ನಾಯಕತ್ವ’ದಲ್ಲಿ ನಾವು ಫುಟ್‌ಬಾಲ್ ಕಪ್ ಗೆದ್ದಿದ್ದೇವಂತೆ. ಆಟಗಾರರೂ ಇದ್ದರು, ಪಾಪ. ಕೆಳಗೆ, ಸ್ಟಾಂಪ್ ಸೈಜಿನಲ್ಲಿ.

ನಮ್ಮ ಗೋಲ್‌ಕೀಪರ್ ಮಾತ್ರ ಆ ಸಾಲಿನಲ್ಲೂ ಇರಲಿಲ್ಲ. (ಕಾಂಟ್ರ್ಯಾಕ್ಟ್ ನೌಕರನ ಫೋಟೊ ಆಫೀಸಿನಲ್ಲಿ ಇರಲಿಲ್ಲವಂತೆ. ಮೊಬೈಲುಗಳು ಇರುವುದಾದರೂ ಯಾಕೆ?)

ಪೀಣ್ಯದ ಒಂದಷ್ಟು ಫ್ಯಾಕ್ಟರಿಗಳು ವರ್ಷಕ್ಕೊಮ್ಮೆ ಆಡುವ ಟೂರ್ನಿ ಇದು. ಭಾನುವಾರ ಮಾದನಾಯಕನಹಳ್ಳಿಯಲ್ಲಿ ಫೈನಲ್. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಪೆನಾಲ್ಟಿ ಶೂಟೌಟ್‌ನಲ್ಲಿ ಎದುರಿನವರ ಕೊನೆಯ ಕಿಕ್‌ಗೆ ಅಡ್ಡ ಹಾರಿ ಚೆಂಡು ತಡೆದವನು ಶರಣಪ್ಪ. ಯಾದಗಿರಿ ಕಡೆಯವನು, ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೆಲಸ. ಸಾಹೇಬರು ಬಂದದ್ದು ಸೆಕೆಂಡ್ ಹಾಫ್‌ಗೆ. ಬಂದವರೇ ನನ್ನನ್ನು ಕೇಳಿದ್ದು, ನಮ್ಮವರದು ಯಾವ ಕಲರ್ ಎಂದು!

ಗೆದ್ದ ಕಪ್ ನೇರ ಅವರ ಕಾರು ಹತ್ತಿತು. ಕಪ್ ಹಿಡಿದ ಫೋಟೊ ಕಳಿಸುತ್ತೇನೆ ಎಂದು ಶರಣಪ್ಪ ಊರಲ್ಲಿರುವ ಹೆಂಡತಿಗೆ ಮಾತು ಕೊಟ್ಟಿದ್ದನಂತೆ. ಸೋಮವಾರ ಕ್ಯಾಂಟೀನಿನಲ್ಲಿ ಸನ್ಮಾನ ಇದೆಯಲ್ಲ, ಆಗ ತೆಗೆಸಿಕೊಂಡರಾಯಿತು ಎಂದು ಸುಮ್ಮನಾದ.

ಮಧ್ಯಾಹ್ನ ಸನ್ಮಾನವೇನೋ ಜೋರಾಗಿಯೇ ನಡೆಯಿತು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಎಲ್ಲ ಸಾಹೇಬರಿಗೇ. ಆಟಗಾರರಿಗೆ ಚಪ್ಪಾಳೆ ತಟ್ಟುವ ಕೆಲಸ. ಶರಣಪ್ಪನಿಗೆ ಅದೂ ಇಲ್ಲ. ಅವನದು ಮಧ್ಯಾಹ್ನದಿಂದ ರಾತ್ರಿಯವರೆಗಿನ ಸೆಕೆಂಡ್ ಶಿಫ್ಟ್, ಲೈನ್ ಬಿಟ್ಟು ಬರಬೇಡ ಎಂದರಂತೆ.

ನನಗೆ ಮೈ ಉರಿಯಿತು. ಗೋಲ್‌ಕೀಪರ್ ಎಲ್ಲಿ ಸಾರ್ ಎಂದು ಕೇಳಿಯೇಬಿಟ್ಟೆ. ಪೇಟ ಸರಿಮಾಡಿಕೊಳ್ಳುತ್ತ ಅವರು ನಕ್ಕರು.

“ಮೇಡಂ, ಫಾರಿನ್ ಕ್ಲಬ್‌ಗಳನ್ನೇ ನೋಡಿ. ಗೆದ್ರೆ ಮೊದ್ಲು ಮ್ಯಾನೇಜರ್ ಹೆಸ್ರೇ ಬರೋದು.”

ಬರುತ್ತದೆ, ನಿಜ. ಅಲ್ಲಿ ಮ್ಯಾನೇಜರ್ ಅಂದರೆ ತಂಡದ ಕೋಚ್, ದಿನಾ ಮೈದಾನಕ್ಕೆ ಬರುತ್ತಾನೆ. ಯಾರನ್ನು ಆಡಿಸುವುದು, ಯಾರನ್ನು ಕೂರಿಸುವುದು ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಗೆಲುವಿನಲ್ಲಿ ಅವನಿಗೂ ಪಾಲಿದೆ, ಇರಲಿ. ಇಡೀ ಗೆಲುವೇ ಅವನದು ಎಂದರೆ ಮಾತ್ರ ನಾನು ಅಲ್ಲೂ ಜಗಳಕ್ಕೆ ನಿಲ್ಲುವವಳೇ. ಒದ್ದ ಕಾಲುಗಳು ಅವನವಲ್ಲವಲ್ಲ! ಆದರೆ ಒಂದು ಮಾತು. ಸಾಲಾಗಿ ನಾಲ್ಕು ಮ್ಯಾಚ್ ಸೋತರೆ ಗಂಟುಮೂಟೆ ಕಟ್ಟುವವನೂ ಅವನೇ. ಆಟಗಾರರು ಅಲ್ಲೇ ಉಳಿಯುತ್ತಾರೆ, ಮ್ಯಾನೇಜರ್ ಮನೆಗೆ. ಈ ಪಾಠ ಮಾತ್ರ ನಮ್ಮ ಸಾಹೇಬರಿಗೆ ಯಾಕೆ ಕಾಣುವುದಿಲ್ಲ?

ಹೋದ ವರ್ಷ ನಾವು ಸೆಮಿಫೈನಲ್‌ನಲ್ಲಿ ಸೋತೆವು. ಮಾರನೆಯ ದಿನ ಮೀಟಿಂಗಿನಲ್ಲಿ ಇದೇ ಸಾಹೇಬರು ಶರಣಪ್ಪನನ್ನು ಹೆಸರು ಹಿಡಿದು ಕರೆದು, ಎಲ್ಲರೆದುರು ನಿಲ್ಲಿಸಿ, ಇವನಿಂದಲೇ ಮಾನ ಹೋಯಿತು ಎಂದಿದ್ದರು. (ಅವತ್ತು ಹೆಸರು ಚೆನ್ನಾಗಿಯೇ ಗೊತ್ತಿತ್ತು ನೋಡಿ.) ಆಮೇಲೆ ಅವನಿಗೆ ಸೆಕೆಂಡ್ ಶಿಫ್ಟೇ ಖಾಯಂ. ಸಂಜೆಯ ಪ್ರಾಕ್ಟೀಸಿಗೂ ಕಲ್ಲು ಬಿತ್ತು.

ವೈಟ್‌ಫೀಲ್ಡಿನ ಎಸಿ ರೂಮಿನಲ್ಲಿ ಕೂತು ಇದನ್ನು ಓದುತ್ತಿರುವವರೇ, ನಿಮ್ಮಲ್ಲೇನು ಬೇರೆಯೇ? ಪ್ರಾಜೆಕ್ಟ್ ಗೆದ್ದರೆ ಲೀಡರ್‌ಶಿಪ್, ಕೆಟ್ಟರೆ ಕೋಡ್ ಬರೆದವನ ತಪ್ಪು. ಹೌದೋ ಅಲ್ಲವೋ?

ಸಂಜೆ ಹೊರಡುವಾಗ ಪ್ಯಾಕಿಂಗ್ ಸೆಕ್ಷನ್ನಿಗೆ ಹೋದೆ. ಕಪ್ ಗೆಲ್ಲಿಸಿದವನ ಹೆಸರೇ ಯಾರ ಬಾಯಲ್ಲೂ ಬರಲಿಲ್ಲವಲ್ಲಪ್ಪ ಎಂದೆ. ಶರಣಪ್ಪ ಬಾಕ್ಸಿಗೆ ಟೇಪ್ ಸುತ್ತುವುದನ್ನು ನಿಲ್ಲಿಸದೆ ಹೇಳಿದ:

“ಮುಂದಿನ ವರ್ಷ ಸೋತ್ರ ಬರ್ತದ ಬಿಡ್ರೀ ಮೇಡಂ.”