ಫ್ಲೆಕ್ಸಿನಲ್ಲಿ ವಾಸಿಯಾದವಳು

ಪಟಪಟ, ಪಟಪಟ. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಫ್ಲೆಕ್ಸು ಬಡಿದುಕೊಳ್ಳುವ ಸದ್ದಿಗೇ ದಯಾಮಣಿಗೆ ಈಗೀಗ ಎಚ್ಚರವಾಗುತ್ತಿತ್ತು. ಹರಿಹರದ ಅವಳ ಬಾಡಿಗೆ ಮನೆಯ ಎದುರಿನ ಕಂಬಕ್ಕೇ ಅದನ್ನು ಕಟ್ಟಿದ್ದರು. ಅದರಲ್ಲಿ ಅವಳದೇ ಮುಖ. ತಮ್ಮನ ಮದುವೆಯಲ್ಲಿ ತೆಗೆದದ್ದು, ಕೆನ್ನೆ ತುಂಬಿದ್ದ ಕಾಲದ್ದು. ಕೆಳಗೆ ಹಳದಿ ಅಕ್ಷರ: 'ಹೊಸ ಕಿಡ್ನಿ ಪಡೆದು ಗುಣಮುಖರಾದ ಸಹೋದರಿ ದಯಾಮಣಿಯವರ ಸಾಕ್ಷಿ. ಭಾನುವಾರ ಸಂಜೆ. ಎಲ್ಲರೂ ಬನ್ನಿರಿ.'

ಕಿಡ್ನಿ ಮಾತ್ರ ಬಂದಿರಲಿಲ್ಲ.

ಕೊಡುತ್ತೇನೆಂದು ಮುಂದೆ ಬಂದವನು ತಮ್ಮ ಪ್ರಭುದಾಸ. ಮೊದಲ ಪರೀಕ್ಷೆಗಳು ಹೊಂದಿದವೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪ್ರಾರ್ಥನಾ ಮಂದಿರದ ಹಿರಿಯ ಸಮುವೇಲಪ್ಪನವರು ಫ್ಲೆಕ್ಸು ಮಾಡಿಸಿಬಿಟ್ಟರು. ಮುಂಚಿತವಾಗಿ ಸ್ತೋತ್ರ ಹೇಳುವುದೇ ನಂಬಿಕೆ ಎಂಬುದು ಅವರ ಮಾತು. ಕೊನೆಯ ಪರೀಕ್ಷೆಯಲ್ಲಿ ಪ್ರಭುದಾಸನಿಗೇ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ಡಾಕ್ಟರು ಬೇಡವೆಂದರು. ಫ್ಲೆಕ್ಸಿಗೆ ಆ ಸುದ್ದಿ ಮುಟ್ಟಲಿಲ್ಲ.

ಅಂದು ದಯಾಮಣಿ ಅತ್ತಳು. ತಮ್ಮನ ಮುಂದಲ್ಲ, ಶಾಲೆ ಮಕ್ಕಳ ಅಂಗಿಗೆ ಗುಂಡಿ ಹೊಲಿಯುತ್ತ, ಒಬ್ಬಳೇ. ಆಮೇಲೆ ಪ್ರಾರ್ಥನೆಗೆ ಕೂತಳು. ಅವಳ ಪ್ರಾರ್ಥನೆ ಯಾವಾಗಲೂ ಜಗಳದಂತೆ ಶುರುವಾಗಿ 'ನಿನ್ನ ಚಿತ್ತ' ಎಂಬಲ್ಲಿ ಬಂದು ನಿಲ್ಲುತ್ತಿತ್ತು. ಗಂಡ ತೀರಿಕೊಂಡಾಗಲೂ ಹಾಗೆಯೇ. ಆ ಜಗಳದಲ್ಲಿ ಅವಳು ಒಮ್ಮೆಯೂ ಗೆದ್ದಿರಲಿಲ್ಲ. ಆದರೆ ಕೇಳುತ್ತಿದ್ದವನು ಎದ್ದುಹೋದನೆಂದೂ ಒಮ್ಮೆಯೂ ಅನ್ನಿಸಿರಲಿಲ್ಲ.

ವಾರಕ್ಕೆರಡು ಸಲ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಪಕ್ಕದ ಮಂಚ ಮಂಡಿಪೇಟೆಯ ಗುಲ್ಷನ್‌ಳದು. ಫ್ಲೆಕ್ಸಿನ ಫೋಟೋ ಯಾರದೋ ಫೋನಿನಿಂದ ಅವಳಿಗೂ ತಲುಪಿತ್ತು.

"ಮುಬಾರಕ್ ಅಕ್ಕಾ! ವಾಸಿ ಆಗೀಯಂತೆ. ಈ ಮಿಷನ್ನಿಗೆ ಇನ್ನೂ ಯಾರೂ ಹೇಳಿಲ್ಲೇನು?"

"ಅದು ನಮ್ಮ ಸಭೆಗೆ ಸೇರಿಲ್ಲವ್ವ. ನಂಬಿಕೆ ಕಡಿಮೆ."

ಇಬ್ಬರೂ ನಕ್ಕ ರಭಸಕ್ಕೆ ನರ್ಸು ಓಡಿಬಂದು ಸೂಜಿ ಅಲುಗಿತೇನೋ ಎಂದು ನೋಡಿದಳು.

"ಭಾನುವಾರ ಏನ್ ಹೇಳ್ತೀ ಮತ್ತೆ?" ಗುಲ್ಷನ್ ದನಿ ತಗ್ಗಿಸಿದಳು.

ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ನಿಂತು ಸಾಕ್ಷಿಯಾಗಿ ಹೇಳುವುದು ದಯಾಮಣಿಯ ಬಹುದಿನದ ಆಸೆ. ಹಿಂದೊಮ್ಮೆ ಕೇಳಿದಾಗ, "ಮೊದ್ಲು ವಾಸಿಯಾಗಿ ಬರ್ರಿ ಸಿಸ್ಟರ್" ಎಂದಿದ್ದರು ಸಮುವೇಲಪ್ಪ.

ಶನಿವಾರ ಬೆಳಿಗ್ಗೆ ಅವಳು ಬಸ್ಸಿಗೆ ಕಾಯುತ್ತಿದ್ದಾಗ ಅವರೇ ಸ್ಕೂಟರ್ ನಿಲ್ಲಿಸಿದರು.

"ನಾಳೆ ಬಿಳಿ ಸೀರೆ ಉಟ್ಕಂಡು ಬರ್ರಿ. ಹೆಚ್ಗೆ ಬ್ಯಾಡ, ವಾಸಿ ಆತು ಅಂತ ಒಂದು ಮಾತು ಹೇಳಿದ್ರೆ ಸಾಕು."

"ಆಗಿಲ್ಲಲ್ರಿ ಅಣ್ಣಾರೆ."

"ನಂಬಿಕೆಯಿಂದ ಹೇಳ್ರಿ. ಇಲ್ಲಾಂದ್ರೆ ದೇವರ ಮರ್ಯಾದೆ ಏನಾಗ್ಬೇಕು?"

"ಹೋಗೋದು ಫ್ಲೆಕ್ಸಿನ ಮರ್ಯಾದೆ. ಆತಂದು ಯಾಕ ಹೋಗ್ತದೆ? ವಾಸಿ ಮಾಡಿದ್ರೂ ಆತನೇ ನನ್ನ ಒಡೆಯ, ಮಾಡದಿದ್ರೂ ಆತನೇ. ಇದನ್ನ ಹೇಳು ಅಂದ್ರೆ ಬರ್ತೀನಿ, ಮೈಕ್ ಕೊಡ್ರಿ."

ಸಮುವೇಲಪ್ಪ ಹಣೆ ಒರೆಸಿಕೊಂಡರು. "ಅದು ಸಾಕ್ಷಿ ಹೆಂಗಾಗ್ತದೆ ಸಿಸ್ಟರ್? ಏನಾದ್ರೂ ಆಗಿರಬೇಕಲ್ಲ."

"ಆಗೈತಲ್ರಿ. ಅಂಜಿಕೆ ಇನ್ನೂ ಐತೆ, ಸುಳ್ಳು ಯಾಕ ಹೇಳ್ಲಿ. ಆದ್ರೂ ಸೂಜಿ ಚುಚ್ಚಿಸ್ಕಳಾಕೆ ಹಾಡು ಹಾಡ್ಕಂಡು ಹೋಗ್ತೀನಿ. ಅದೇನು ಸಣ್ಣದೇನ್ರಿ?"

"ಜನ ನಗ್ತಾರೆ. ಆ ಫ್ಲೆಕ್ಸ್ ಏನ್ಮಾಡಣ?"

"ಬಿಚ್ಚಿ ನನಗೇ ಕೊಡ್ರಿ. ಮನೆ ಸೋರ್ತೈತೆ, ಮೇಲೆ ಹೊದಿಸ್ತೀನಿ."

ದಾವಣಗೆರೆ ಬಸ್ಸು ತಿರುವಿನಲ್ಲಿ ಕಾಣಿಸಿತು. ದಯಾಮಣಿ ಚೀಲ ಎತ್ತಿಕೊಂಡಳು.

"ಸಿಸ್ಟರ್, ಒಂದ್ನಿಮಿಷ. ವಾಸಿ ಆತು ಅನ್ನಾದು ಬ್ಯಾಡ, ವಾಸಿ ಆಗ್ತಾ ಐತೆ ಅಂತನಾದ್ರೂ..."

ಅವಳು ಯಾವುದೋ ಕೀರ್ತನೆಯನ್ನು ಗುನುಗುತ್ತ ಆಗಲೇ ಬಸ್ಸಿನತ್ತ ನಡೆದಿದ್ದಳು.