ಕೊಸರಿಗೆ ಕೊಟ್ಟ ಗಿಣಿ

ನನ್ನ ದೊಡ್ಡ ಮಗಳ ಹತ್ತಿರ ಒಂದು ಗಾಜಿನ ಗಿಣಿ ಇತ್ತು. ಅಂಗೈ ಅಗಲ. ಮೈಗೆ ಹಸಿರು ಗಾಜು, ಕೊಕ್ಕಿಗೆ ಕೆಂಪು, ಬಾಲಕ್ಕೆ ಹಳದಿ. ಒಂದೊಂದು ಚೂರನ್ನೂ ಸೀಸದ ಪಟ್ಟಿಯಲ್ಲಿ ಹಿಡಿದು ಜೋಡಿಸಿದ್ದರು. ನೇತುಹಾಕುವುದಕ್ಕೆ ನೆತ್ತಿಯ ಮೇಲೆ ತಂತಿಯ ಕುಣಿಕೆ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ನಡುಮನೆಗೆ ಇದ್ದದ್ದು ಒಂದೇ ಕಿಟಕಿ, ಅದಕ್ಕೆ ಕಟ್ಟಿದ್ದಳು. ಬೆಳಿಗ್ಗೆ ಬಿಸಿಲು ಬಿದ್ದರೆ ಎದುರು ಗೋಡೆಯಲ್ಲಿ ಹಸಿರು ಮೂಡುತ್ತಿತ್ತು. ಅದರೊಳಗೆ ಕೈ ಇಟ್ಟುಕೊಂಡು ಕೂತರೆ ಕಸ ಗುಡಿಸು ಅಂದರೂ ಕಿವಿಗೆ ಬೀಳುತ್ತಿರಲಿಲ್ಲ. ಆಗ ಅವಳಿಗೆ ಎಂಟು ವರ್ಷ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು.

ಆ ಗಿಣಿ ಆಸ್ಪತ್ರೆಯಿಂದ ಬಂದದ್ದು. ಹಿಂದಿನ ಸುಗ್ಗಿಯಲ್ಲಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಊರಲ್ಲೇ ಕಟ್ಟು ಹಾಕಿಸಿದೆವು, ಮೂಳೆ ಸೊಟ್ಟಗೆ ಕೂಡಿತು. ಆಮೇಲೆ ಯಜಮಾನರು ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ, ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ ಬಿಟ್ಟು ಬಂದರು. ಮೂರು ತಿಂಗಳು ಅಲ್ಲೇ ಮಲಗಿದ್ದಳು. ಯಜಮಾನರು ಆ ಕಡೆ ಕೆಲಸ ಬಿದ್ದಾಗ ಬಾಗಿಲಲ್ಲೇ ನಿಂತು ನೋಡಿ ಬರುತ್ತಿದ್ದರು. ನಾನು ಒಂದು ಸಲವೂ ಹೋಗಲಿಲ್ಲ. ಕಣದಲ್ಲಿ ರಾಗಿ ಬಿದ್ದಿತ್ತು, ಕಂಕುಳಲ್ಲಿ ಕೈಗೂಸಿತ್ತು, ಎಲ್ಲವೂ ನಿಜ. ಅದೇ ಮೂರು ತಿಂಗಳಲ್ಲಿ ನೆಂಟರ ಮನೆಯ ಮದುವೆಗೆ ಹೋಗಿ ಎರಡು ದಿನ ಇದ್ದು ಬಂದದ್ದೂ ನಿಜ. ‘ಮಗು ದಾರಿ ನೋಡುತ್ತದೆ, ಬಂದು ಹೋಗಿ’ ಅಂತ ಅವಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರಮ್ಮ ಮೊದಲ ವಾರದಲ್ಲೇ ಒಂದು ಕಾರ್ಡು ಬರೆದಿದ್ದರು. ನನ್ನ ಓದು ಮೂರನೇ ಕ್ಲಾಸಿಗೇ ನಿಂತರೂ ಅಷ್ಟನ್ನು ಓದಲು ಬರುತ್ತಿತ್ತು. ಓದಿ ಸೂರಿಗೆ ಸಿಕ್ಕಿಸಿದೆ.

ಕಾಲು ಕೂಡಿ, ಸ್ವಲ್ಪ ಕುಂಟು ಉಳಿದು, ಮಗಳು ಮನೆಗೆ ಬಂದಳು. ಆಸ್ಪತ್ರೆಯ ಪ್ರಾರ್ಥನೆ ಕೋಣೆಯ ಬಣ್ಣದ ಕಿಟಕಿಯನ್ನು ರಿಪೇರಿ ಮಾಡಲು ಬಂದವನ ಕೈಲಿ, ಮಿಕ್ಕ ಚೂರುಗಳಿಂದ ಸಿಸ್ಟರಮ್ಮ ಈ ಗಿಣಿ ಮಾಡಿಸಿ ಅವಳಿಗೆ ಕೊಟ್ಟಿದ್ದರು. ಮನೆಗೆ ಬಂದ ಮೇಲೆ ಬಾಯಿಬಿಟ್ಟರೆ ಸಿಸ್ಟರ್. ತಲೆ ಬಾಚಲು ಕೂತರೆ, “ಸಿಸ್ಟರ್ ಬಾಚುದ್ರೆ ನೋಯ್ತಿರ್ನಿಲ್ಲ ಕಣವ್ವ” ಅನ್ನುವಳು. ನಾನು ಬಾಚಣಿಗೆಯನ್ನು ಇನ್ನೂ ಒತ್ತಿ ಎಳೆಯುತ್ತಿದ್ದೆ.

ಗೌರಿ ಹಬ್ಬ ಹತ್ತಿರ ಬಂದಾಗ ಗಿಣಿಯ ಬಾಲದ ಬೆಸುಗೆ ಬಿಟ್ಟು ಅಲ್ಲಾಡತೊಡಗಿತು. ಮಗಳು ಅದನ್ನು ಬಿಚ್ಚಿ, ಹಳೆಯ ಲಂಗದ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟಳು.

“ಅಪ್ಪಯ್ಯ ನಗರಕ್ಕೆ ಓದಾಗ ಸಿಸ್ಟರ್ ತಾವ ಕೊಟ್ಟು ಸರಿ ಮಾಡುಸ್ಕ ಬತ್ತರೆ. ನೀನು ಮುಟ್ಬ್ಯಾಡ ಕಣವ್ವ” ಅಂದಳು.

ನೀನು ಮುಟ್ಟಬೇಡ ಅಂದದ್ದು ನನಗೆ ಚುಚ್ಚಿತು.

ಅದೇ ವಾರ ನಮ್ಮ ಬೀದಿಗೆ ಕಲಾಯಿ ಸಾಬರು ಬಂದರು. ಪ್ರತಿ ವರ್ಷ ಹಬ್ಬದ ಮುಂಚೆ ಬಂದು, ಸಂತೆಮಾಳದ ಹುಣಸೆಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ, ಊರಿನ ಹಿತ್ತಾಳೆ ಪಾತ್ರೆಗಳಿಗೆಲ್ಲ ತವರದ ಕಲಾಯಿ ಹಾಕುತ್ತಿದ್ದರು. ವಯಸ್ಸಾದವರು, ಮಾತು ಕಡಿಮೆ. ನಮ್ಮಲ್ಲಿ ಕೊಸರು ಅಂತ ಒಂದುಂಟು. ತರಕಾರಿ ಕೊಂಡರೆ ಮೇಲೆ ಒಂದು ಹಿಡಿ ಕರಿಬೇವು, ಹತ್ತು ಪಾತ್ರೆಗೆ ಕಲಾಯಿ ಹಾಕಿಸಿದರೆ ಒಂದು ಸೌಟು ಬಿಟ್ಟಿ. ಕೊಸರು ಕೇಳದೆ ಬಂದ ಹೆಂಗಸನ್ನು ಪೆದ್ದಿ ಅನ್ನುತ್ತಿದ್ದರು. ಮಗಳು ಸ್ಕೂಲಿಗೆ ಹೋಗಿದ್ದಳು. ನಾನು ಪಾತ್ರೆಗಳ ಜತೆ ಪೆಟ್ಟಿಗೆಯಲ್ಲಿದ್ದ ಗಿಣಿಯನ್ನೂ ತೆಗೆದುಕೊಂಡು ಹೋದೆ.

“ಇಷ್ಟು ಪಾತ್ರೆ ಕೊಟ್ಟಿವ್ನಿ ಸಾಬ್ರೆ, ಕೊಸ್ರಿಗೆ ಇದೊಂದು ಬಾಲ ಅಂಟುಸ್ಕೊಡಿ.”

ಅವರು ಗಿಣಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. “ಇದು ಗಾಜು ಕಣಕ್ಕ. ಬೆಂಕಿ ತಡೆಯಾಕಿಲ್ಲ. ನನ್ ಕೆಲ್ಸ ಅಲ್ಲ ಇದು.”

“ತಪ್ಪಲೆ ತಡೀತದೆ, ಇದು ತಡೆಯಾಕಿಲ್ವ? ಕೊಸ್ರು ಕೊಡಕ್ಕೆ ಮನಸಿಲ್ಲ ಅಂತ ಯೋಳಿ.”

ಪಾತ್ರೆ ಹಿಡಿದು ನಿಂತಿದ್ದ ಹೆಂಗಸರು ನಕ್ಕರು. “ಸಾಬ್ರು ಈ ವರ್ಸ ಪಾತ್ರೆ ಜತೆಗೆ ತಮ್ ಕೈಗೂ ತವರ ಬುಟ್ಕಂಡವ್ರೆ ಕಣಮ್ಮಿ, ಬಿಚ್ಚಾಕಿಲ್ಲ” ಅಂದಳು ಪಕ್ಕದ ಮನೆಯವಳು.

“ಒಡುದ್ರೆ ನನ್ನ ಕೇಳ್ಬಾರ್ದು” ಅಂದರು ಅವರು.

“ಒಡುದ್ರೆ ನಾನ್ ನೋಡ್ಕತೀನಿ, ಮಾಡಿ” ಅಂದೆ.

ಕಾದ ಕಬ್ಬಿಣವನ್ನು ಬಾಲದ ಹತ್ತಿರ ತಂದರೋ ಇಲ್ಲವೋ, ಸೀಸ ಕರಗಿ ನೀರಿನ ಹಾಗೆ ಇಳಿಯಿತು. ಹಸಿರು ಗಾಜು ಟಕ್ ಅಂದು ಮೂರು ಚೂರಾಯಿತು. ಹೆಂಗಸರ ನಗು ನಿಂತಿತು. ಸಾಬರು ಚೂರುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಒಡೆದ ಗಾಜು ಮನೆಯಲ್ಲಿರಬಾರದು ಅಂತ ನಾನು ದಾರಿಯಲ್ಲೇ ತಿಪ್ಪೆಗೆ ಎಸೆದೆ.

ಮಗಳು ಸಂಜೆ ಬಂದು ಪೆಟ್ಟಿಗೆ ತೆಗೆದಳು.

“ಅವ್ವ, ನನ್ ಗಿಣಿ?”

“ಸರಿ ಮಾಡ್ಕೊಡ್ತೀನಿ ಅಂತ ಕಲಾಯಿ ಸಾಬ್ರು ಇಸ್ಕಂಡು ಒಡ್ದಾಕ್ಬುಟ್ರು ಕಣಮ್ಮಿ. ನಾನ್ ಬ್ಯಾಡ ಅಂದೆ, ಕೇಳ್ನಿಲ್ಲ.”

ಅಷ್ಟು ಸಲೀಸಾಗಿ ಬಂತು ಸುಳ್ಳು. ನಮ್ಮತ್ತೆ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೀದಿಯ ಹೆಂಗಸರಿಂದ ಅವರಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ನನ್ನ ಮುಖ ನೋಡಿ ಎಲೆ ಬಾಯಿಗಿಟ್ಟುಕೊಂಡರು, ಅಷ್ಟೆ.

ಮಗಳು ಅಳಲಿಲ್ಲ. ನೇರ ಹುಣಸೆಮರದ ಕಡೆ ಹೊರಟಳು. ನಾನು ಹಿಂದೆಯೇ ಹೋಗಿ ಮಾಳದ ಅಂಚಿನ ಒಂದು ಗೋಡೆ ಮರೆಯಲ್ಲಿ ನಿಂತೆ.

“ತಾತ, ನನ್ ಗಿಣಿ ನೀವಾ ಒಡ್ದಿದ್ದು?”

ಸಾಬರು ತಲೆ ಎತ್ತಿದರು. ಗೋಡೆಯ ಪಕ್ಕ ನನ್ನ ಸೆರಗು ಕಂಡಿತೆಂದು ಕಾಣುತ್ತದೆ, ತಲೆ ತಗ್ಗಿಸಿ ಇದ್ದಿಲು ಕೆದಕಿದರು.

“ಊಂ ಕೂಸೆ, ನಾನೇಯ. ಬೆಂಕಿ ಜಾಸ್ತಿ ಆಗೋಯ್ತು.”

“ಗಾಜು ಅಂತ ಗೊತ್ತಾಗ್ನಿಲ್ವ ನಿಮ್ಗೆ? ಇಷ್ಟ್ ದೊಡ್ಡೋರಾಗಿ?”

“ಗೊತ್ತಾಗ್ನಿಲ್ಲ ಕಣವ್ವ. ತಪ್ಪಾಯ್ತು.”

ನಾನು ಗೋಡೆ ಬಿಟ್ಟು ಈಚೆಗೆ ಬರಲಿಲ್ಲ.

ಮಾರನೆಯ ದಿನ ಕೈಗೂಸನ್ನು ಅತ್ತೆಯ ಹತ್ತಿರ ಬಿಟ್ಟು ಚಾಮರಾಜನಗರದ ಬಸ್ಸು ಹತ್ತಿದೆ. ಅಂಥದ್ದೇ ಇನ್ನೊಂದು ಗಿಣಿ ತಂದು ಕಿಟಕಿಗೆ ಕಟ್ಟಿಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ, ಯಾರು ಒಡೆದರು ಅಂತ ಮತ್ತೆ ಯಾರೂ ಕೇಳುವುದಿಲ್ಲ. ನನ್ನ ಲೆಕ್ಕಾಚಾರ ಇದ್ದದ್ದು ಇಷ್ಟೇ. ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಹತ್ತದ ಬಸ್ಸನ್ನು ನನ್ನ ಮುಖ ಉಳಿಸಿಕೊಳ್ಳಲು ಹತ್ತಿದ್ದೆ.

ಸಿಸ್ಟರಮ್ಮ ಕೇರಳದ ಕಡೆಯವರು, ಎಳೆದು ಎಳೆದು ಪುಸ್ತಕದ ಕನ್ನಡ ಆಡುತ್ತಿದ್ದರು. ಇಂಥ ಮಗುವಿನ ತಾಯಿ ಅಂದ ಕೂಡಲೇ ನನ್ನ ಎರಡು ಕೈಯನ್ನೂ ಹಿಡಿದುಕೊಂಡರು.

“ಈಗ ಎದ್ದು ನಡೆಯುವ ಹಾಗೆ ಆಯಿತಾ? ಸಂತೋಷ, ಬಹಳ ಸಂತೋಷ.”

“ನಡೀತಳೆ, ಒಸಿ ಕುಂಟ್ತಳೆ” ಅಂದೆ.

“ಮಗುವನ್ನು ಅಲ್ಲ, ನಿಮ್ಮನ್ನು ಕೇಳಿದ್ದು. ನೀವು ಹಾಸಿಗೆ ಬಿಟ್ಟು ಏಳಲಿಕ್ಕೆ ಆಗುವುದಿಲ್ಲ, ಎದ್ದರೆ ಬಿದ್ದುಬಿಡುತ್ತೀರಿ, ಅದಕ್ಕೆ ಬರಲಿಲ್ಲ ಅಂತ ಮಗು ಎಲ್ಲರಿಗೂ ಹೇಳುತ್ತಿತ್ತು. ನಾವು ದಿನಾ ನಿಮಗೋಸ್ಕರ ಪ್ರಾರ್ಥನೆ ಮಾಡಿದೆವು.”

ಮೂರು ತಿಂಗಳು ಆ ವಾರ್ಡಿನಲ್ಲಿ ಬೇರೆ ಮಕ್ಕಳ ತಾಯಂದಿರು ಬುತ್ತಿ ಕಟ್ಟಿಕೊಂಡು ಬಂದು ಹೋಗುವಾಗ ನನ್ನ ಮಗಳು ನನ್ನನ್ನು ರೋಗಿ ಮಾಡಿ ನನ್ನ ಮಾನ ಕಾದಿದ್ದಳು. ನನಗೆ ಭೂಮಿ ಬಾಯಿ ಬಿಡಲಿಲ್ಲ. “ಊಂ, ಈಗ ವಾಸಿ ಆಗದೆ” ಅಂದೆ. ಅಲ್ಲೂ ಸುಳ್ಳೇ.

ಇನ್ನೊಂದು ಗಿಣಿ ಇರಲಿಲ್ಲ. ಗಾಜು ಕೂರಿಸುವವನು ಯಾವ ಊರಿನವನೋ, ಮತ್ತೆ ಬಂದಿರಲಿಲ್ಲ. ಸಿಸ್ಟರಮ್ಮ ಹುಡುಕಿ ಬೆರಳುದ್ದದ ಒಂದು ಹಸಿರು ಚೂರು ಕೊಟ್ಟರು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ವಾಪಸ್ಸು ಬಸ್ಸು ಹತ್ತಿದೆ; ದಾರಿಯಲ್ಲಿ ತೆರಕಣಾಂಬಿ ದಾಟುವಾಗ ಅದರ ಮೊನೆ ಸೆರಗನ್ನು ತೂತು ಮಾಡಿತ್ತು.

ಮನೆಗೆ ಬಂದು ಮಗಳನ್ನು ಹಿತ್ತಿಲಿಗೆ ಕರೆದು ನಡೆದದ್ದನ್ನು ಹೇಳಿದೆ. ಗಿಣಿಯನ್ನು ಪೆಟ್ಟಿಗೆಯಿಂದ ತೆಗೆದವಳು ನಾನು, ಸಾಬರು ಬೇಡ ಅಂದರೂ ಕೊಸರಿಗೆ ಕೊಟ್ಟವಳು ನಾನು ಅಂತ. ಸಿಸ್ಟರಮ್ಮ ಹೇಳಿದ್ದನ್ನು ಮಾತ್ರ ಎತ್ತಲಿಲ್ಲ. ಗಾಜಿನ ಚೂರನ್ನು ಅವಳ ಕೈಗಿಟ್ಟೆ.

ಅವಳು ಚೂರು ನೋಡಲಿಲ್ಲ. “ನಾನು ತಾತುನ್ನ ಬೈದ್ಬುಟ್ನಲ್ಲವ್ವ” ಅಂದಳು. ಆಮೇಲೆ, “ನೀನೇ ಬಂದು ಯೋಳು” ಅಂದಳು.

“ನಾಳಿಕ್ಕೆ ಓಗನ” ಅಂದೆ.

ಬೆಳಿಗ್ಗೆ ಇಬ್ಬರೂ ಹೋದೆವು. ಹುಣಸೆಮರದ ಕೆಳಗೆ ಬೀದಿಯ ಹೆಂಗಸರೆಲ್ಲ ಇದ್ದರು. ಹಬ್ಬಕ್ಕೆ ಇನ್ನು ಎರಡೇ ದಿನ, ಪಾತ್ರೆಗಳು ಸಾಲು ಹಿಡಿದಿದ್ದವು. ಸಾಬರು ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿ ತವರ ತೀಡುತ್ತಿದ್ದರು, ಬಿಳಿ ಹೊಗೆ ಎದ್ದಿತ್ತು. ಹೊಗೆ ಕರಗಿದ ಮೇಲೆ ನನ್ನನ್ನೂ ಮಗಳನ್ನೂ ನೋಡಿ ಕೈ ನಿಲ್ಲಿಸಿದರು. ಹೆಂಗಸರೂ ತಿರುಗಿದರು. ಮಗಳು ನನ್ನ ಸೆರಗು ಹಿಡಿದು ಮೆಲ್ಲಗೆ ಎಳೆದಳು.

ನಾನು ಬಾಯಿ ತೆರೆದೆ. “ನಮ್ ತಪ್ಪಲೆ ಆಯ್ತಾ ಸಾಬ್ರೆ?” ಅಂದೆ.

“ಆಗದೆ ಕಣಕ್ಕ, ತಕ್ಕಳಿ.”

ತೆಗೆದುಕೊಂಡೆ. ಹೊಳೆಯುತ್ತಿತ್ತು. ಸೆರಗು ಸಡಿಲವಾಯಿತು. ತಿರುಗಿ ನೋಡುವಷ್ಟರಲ್ಲಿ ಮಗಳು ಮನೆಯ ದಾರಿ ಹಿಡಿದಿದ್ದಳು. ಕುಂಟುವ ಮಗುವನ್ನು ನಾಲ್ಕು ಹೆಜ್ಜೆ ಬೀಸಿ ಹಾಕಿದರೆ ಯಾರಾದರೂ ಮುಟ್ಟಬಹುದಿತ್ತು. ನಾನು ತಪ್ಪಲೆಯನ್ನು ಸೊಂಟಕ್ಕೆ ಇಟ್ಟುಕೊಂಡು ಮನೆಯವರೆಗೂ ಅಷ್ಟೇ ದೂರದಲ್ಲಿ ಅವಳ ಹಿಂದೆ ನಡೆದೆ.