ಅಕ್ಕನ ಕ್ಯಾಪು, ತಂಗಿಯ ಸ್ಕ್ರೂ

ಕೈಯಳತೆಯಲ್ಲೇ ಕತ್ತರಿ ಇದ್ದರೂ ದಾರವನ್ನು ಹಲ್ಲಿಂದಲೇ ಕಡಿಯುವ ಚಾಳಿ ಬುಗುರಿಗೆ. ಕತ್ತರಿ ಎತ್ತಬೇಕು, ಬೆರಳು ತೂರಿಸಬೇಕು, ಮತ್ತೆ ಕೆಳಗಿಡಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ದಾರ ಕೂರುವಷ್ಟೇ ಅಗಲದ ಒಂದು ಕಚ್ಚು ಬಿದ್ದುಹೋಗಿತ್ತು. ಒಂದು ದಿನ ನಾಟಕದವರ ದಪ್ಪ ಪರದೆಗೆ ಅಂಚು ಹೊಲಿಯುತ್ತಿದ್ದಾಗ, ಮೇಣ ಹಚ್ಚಿದ ದಾರವನ್ನು ಎಳೆದ ರಭಸಕ್ಕೆ ಆ ಹಲ್ಲು ಟಕ್ಕೆಂದಿತು. ನೋವು ತಿಳಿಯುವ ಮೊದಲೇ ಅವಳು ದಾರದ ತುದಿಗೆ ಗಂಟು ಹಾಕಿ ಮುಗಿಸಿದ್ದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, "ಅಕ್ಕಾ, ಬೇಗ ಇಳಿದು ಬಾರೇ!" ಎಂದು ಕೂಗಿದಳು.

ಅಂಗಡಿಯ ಮೇಲಿನ ಕೋಣೆಯಿಂದ ಅಕ್ಕ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ರಕ್ತ ನೋಡಿದಳು. "ಹಲ್ಲು ಮುರೀತಾ? ಮೊದಲು ಬಾಯಿ ಮುಕ್ಕಳಿಸು. ಇವತ್ತಲ್ಲ ನಾಳೆ ಡಾಕ್ಟರ ಹತ್ರ ಹೋದ್ರಾಯ್ತು" ಅಂದಳು.

"ನಾಳೆನಾ?" ಬುಗುರಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬುಗುರಿ ಅನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಎಳೆಗೂಸಾಗಿದ್ದಾಗ ಬಟ್ಟೆಯಲ್ಲಿ ಎಷ್ಟು ಬಿಗಿಯಾಗಿ ಸುತ್ತಿದರೂ ಗಳಿಗೆಯೊಳಗೆ ಎರಡೂ ಕಾಲು ಹೊರಗೆ ಬರುತ್ತಿದ್ದವಂತೆ. ಓದು ತಲೆಗೆ ಹತ್ತಲಿಲ್ಲವೆಂದಲ್ಲ, ಕೂತಿರಲು ಆಗಲಿಲ್ಲವೆಂದು ಶಾಲೆ ಬಿಟ್ಟಳು. ಸಿದ್ಧ ಉಡುಪಿನ ಕಾರ್ಖಾನೆ ಸೇರಿದಳು. ದಿನವಿಡೀ ಬರೀ ಕಾಲರು ಹೊಲಿದು ಹೊಲಿದು ಬೇಸತ್ತು, "ಒಂದು ಪೂರ್ತಿ ಅಂಗಿ ಮುಗಿಸೋ ಯೋಗ ನನಗಿಲ್ವಾ?" ಎಂದು ಮೇಲ್ವಿಚಾರಕನನ್ನು ಕೇಳಿ ಅಲ್ಲಿಂದಲೂ ಎದ್ದಳು. ಮದುವೆಯಾಯಿತು. ಗಂಡ ಕೆಟ್ಟವನೇನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ಇವಳು ಮಾತು ಶುರುವಿಟ್ಟುಕೊಂಡರೆ ಮಾತ್ರ ರೇಡಿಯೊ ಸದ್ದು ಏರಿಸುತ್ತಿದ್ದ. ಎರಡನೆಯ ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ ಆ ಮನೆಯ ಬಾಗಿಲೆಳೆದುಕೊಂಡು ಹೊರಟುಬಂದಳು. ಆಮೇಲೆ ಈ ಅಂಗಡಿ. ಸೋಫಾದ ಗವಸು, ನರ್ಸುಗಳ ಸಮವಸ್ತ್ರ, ಪರದೆ, ಜಿಪ್ಪು ಕಿತ್ತ ಚೀಲ, ಯಾವುದು ಬಂದರೂ ಬೇಡವೆನ್ನಲಿಲ್ಲ.

ಅಕ್ಕ ಬೇರೆಯೇ ಧಾತು. ಗ್ರಂಥಾಲಯದಲ್ಲಿ ಕೆಲಸ; ಜನ ಎಲ್ಲೆಲ್ಲೋ ಬಿಟ್ಟುಹೋದ ಪುಸ್ತಕಗಳನ್ನು ಅದರದರ ಜಾಗಕ್ಕೆ ಸೇರಿಸುತ್ತ ವಯಸ್ಸು ಕಳೆದಳು. ಅವಳ ಗಂಡ ಮೂಗಿನ ತುದಿಯಲ್ಲೇ ಸಿಟ್ಟಿದ್ದವನು. ಊಟದ ತಟ್ಟೆ ತಳ್ಳುವುದು, ನಾಲ್ಕು ಜನರೆದುರು ಹಂಗಿಸುವುದು, ವಾರಗಟ್ಟಲೆ ಮಾತು ಬಿಡುವುದು, ಎಲ್ಲ ಇತ್ತು. ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಅವನು ತೀರಿಕೊಂಡ ಮೇಲೆ ಎರಡು ಪೆಟ್ಟಿಗೆ ಹಿಡಿದು ತಂಗಿಯ ಮನೆಗೆ ಬಂದಳು. ಅಂದಿನಿಂದ ಕೆಳಗೆ ಯಂತ್ರದ ಗಡಗಡ, ಮೇಲೆ ಪುಟ ಮಗುಚುವ ಸದ್ದು.

ಹಲ್ಲಿನ ಡಾಕ್ಟರಮ್ಮ ಬುಗುರಿಗಿಂತ ತೀರ ಚಿಕ್ಕವಳು. ಮಾತು ಮಾತ್ರ ತೂಕದ್ದು. ಬೇರಿನವರೆಗೂ ಸೀಳಿದ್ದ ಹಲ್ಲನ್ನು ತೆಗೆದಳು. ಗಾಯ ಆರಿದ ಮೇಲೆ ದವಡೆಯ ಮೂಳೆಗೆ ಇಂಪ್ಲಾಂಟ್ ಅನ್ನುವ ಲೋಹದ ಬೇರು ಕೂರಿಸಿ, ಅದರ ಮೇಲೆ ಹೊಸ ಹಲ್ಲು ಕಟ್ಟಬಹುದೆಂದಳು. ಜೊತೆಗೆ ಬಂದಿದ್ದ ಅಕ್ಕನ ಬಾಯಿಯನ್ನೂ ನೋಡಿದಾಗ ಕೆಳಗಿನ ಸಾಲಿನಲ್ಲಿ ಒಂದು ದವಡೆ ಹಲ್ಲೇ ಇರಲಿಲ್ಲ.

"ಇದು ಯಾವಾಗ ಹೋಯ್ತೇ?" ಬುಗುರಿ ಬೆರಗಾದಳು.

"ತುಂಬಾ ಹಿಂದೆ. ಇನ್ನೊಂದು ಪಕ್ಕದಲ್ಲಿ ಅಗೀತೀನಲ್ಲ."

"ಒಂದೇ ಮನೇಲಿದ್ದೂ ನನಗೆ ಹೇಳಲಿಲ್ಲ! ಡಾಕ್ಟ್ರೇ, ಇವಳಿಗೂ ಹಾಕ್ಬಿಡಿ. ಇಬ್ಬರದೂ ಒಟ್ಟಿಗೆ ಆಗ್ಲಿ."

ಡಾಕ್ಟರಮ್ಮ ಪ್ಲಾಸ್ಟಿಕ್ಕಿನ ದವಡೆಯೊಂದನ್ನು ಮೇಜಿನ ಮೇಲಿಟ್ಟು, ಚಿಮುಟದಿಂದ ಎರಡು ಸಣ್ಣ ಲೋಹದ ತುಣುಕು ಎತ್ತಿ ತೋರಿಸಿದಳು. ಒಂದು ಚಪ್ಪಟೆ, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಇನ್ನೊಂದು ತುಸು ಎತ್ತರ, ಅಂಗಿಯ ಗುಂಡಿಯ ಹಾಗೆ ದುಂಡನೆಯ ತಲೆ.

"ಇಂಪ್ಲಾಂಟನ್ನ ಮೂಳೆ ಹಿಡಿದುಕೊಳ್ಳೋಕೆ ಕೆಲವು ತಿಂಗಳು ಬೇಕು. ಅಲ್ಲೀವರೆಗೆ ಅದರ ಬಾಯಿ ಮುಚ್ಚಿರಬೇಕು. ಈ ಚಪ್ಪಟೆಯದು ಕವರ್ ಸ್ಕ್ರೂ. ಇದನ್ನ ಹಾಕಿ ಮೇಲೆ ಒಸಡು ಹೊಲಿದುಬಿಡ್ತೀವಿ. ಹೊರಗೆ ಏನೂ ಕಾಣಲ್ಲ. ಮೂಳೆ ಹಿಡಿದ ಮೇಲೆ ಒಸಡನ್ನ ಮತ್ತೆ ಸ್ವಲ್ಪ ಕುಯ್ದು ತೆರೀಬೇಕು. ಈ ಎತ್ತರದ್ದು ಹೀಲಿಂಗ್ ಕ್ಯಾಪ್. ಇದು ಒಸಡಿಂದ ಹೊರಗೇ ಇರುತ್ತೆ. ಒಸಡು ಇದರ ಸುತ್ತ ಆರಿ, ಮುಂದೆ ಹಲ್ಲು ಕೂರೋಕೆ ಬೇಕಾದ ಆಕಾರ ತಗೊಳ್ಳುತ್ತೆ. ಎರಡನೇ ಸಲ ಕುಯ್ಯೋದು ತಪ್ಪುತ್ತೆ."

"ನನಗೆ ಕ್ಯಾಪ್ ಹಾಕಿ," ಬುಗುರಿ ತಡಮಾಡಲಿಲ್ಲ.

"ನೀವು ಆರಿಸೋದಲ್ಲ ಅದು. ಇಂಪ್ಲಾಂಟ್ ಎಷ್ಟು ಬಿಗಿಯಾಗಿ ಕೂರುತ್ತೆ ಅನ್ನೋದರ ಮೇಲೆ ಹೋಗುತ್ತೆ. ಕ್ಯಾಪಿಗೆ ನಾಲಿಗೆ ತಗಲುತ್ತೆ, ಊಟ ತಗಲುತ್ತೆ. ಇಂಪ್ಲಾಂಟ್ ಅಲ್ಲಾಡಿದ್ರೆ ಮೂಳೆ ಕೂಡಿಕೊಳ್ಳಲ್ಲ."

ಕೊನೆಗೆ ಆದದ್ದು ಹೀಗೆ. ಅಕ್ಕನ ಕೆಳದವಡೆಯ ಮೂಳೆ ಗಟ್ಟಿ. ಇಂಪ್ಲಾಂಟ್ ಬಿಗಿಯಾಗಿ ಕೂತು ಅವಳಿಗೆ ಕ್ಯಾಪ್ ಬಂತು. ಬುಗುರಿಯ ಮುಂದಿನ ಮೂಳೆ ತೆಳ್ಳಗೆ ಸವೆದಿದ್ದರಿಂದ ಮೂಳೆಪುಡಿ ತುಂಬಿ, ಕವರ್ ಸ್ಕ್ರೂ ಹಾಕಿ, ಒಸಡು ಮುಚ್ಚಿ ಹೊಲಿದರು. ಮುಂದಿನ ಹಲ್ಲಾದ್ದರಿಂದ, ತೆಗೆದು ಹಾಕಬಹುದಾದ ಒಂದು ತಾತ್ಕಾಲಿಕ ಹಲ್ಲನ್ನು ಅಂಗುಳಿಗೆ ಹೊಂದುವ ತೆಳು ಪ್ಲೇಟಿಗೆ ಕೂರಿಸಿ ಕೊಟ್ಟರು. "ಊಟ ಮಾಡುವಾಗ ತೆಗೀರಿ. ಅದನ್ನ ಒತ್ತಬೇಡಿ, ನಾಲಿಗೇಲಿ ಆಡಿಸಬೇಡಿ" ಎಂದು ಡಾಕ್ಟರಮ್ಮ ಒತ್ತಿ ಹೇಳಿದಳು. ಬುಗುರಿ ತಲೆಯಾಡಿಸಿದಳು. ಬೀದಿಯ ತಿರುವು ದಾಟುವ ಮೊದಲೇ ನಾಲಿಗೆ ಅಲ್ಲಿಗೆ ಹೋಗಿತ್ತು.

ಅಂದಿನಿಂದ ಅವಳಿಗೆ ನೆಮ್ಮದಿ ಎನ್ನುವುದೇ ಇಲ್ಲವಾಯಿತು. ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ಗಿರಾಕಿಯ ತೋಳು ಅಳೆಯುತ್ತಿದ್ದಾಗಲೂ ನಾಲಿಗೆಯ ತುದಿ ಪ್ಲೇಟನ್ನು ಮೇಲಕ್ಕೂ ಕೆಳಕ್ಕೂ ತಳ್ಳುತ್ತಿತ್ತು. ಇಪ್ಪತ್ತೆರಡು ಅಂದಿದ್ದು ಮರೆತು ಮತ್ತೆ ಅಳೆಯುವಳು. ಕಾಜಾ ಹಾಕುವ ಕೆಲಸ ಅರ್ಧಕ್ಕೆ ಬಿಟ್ಟು, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ನೋಡುವಳು. ಏನು ಕಂಡೀತು? ಗುಲಾಬಿ ಒಸಡು, ಅಷ್ಟೆ. ಒಳಗೆ ಹಿಡಿಯುತ್ತಿದೆಯೋ ಬಿಡುತ್ತಿದೆಯೋ, ಯಾರನ್ನು ಕೇಳುವುದು?

ಬೆಳಗಾದರೆ ಅಕ್ಕನ ಮುಂದೆ ಹಾಜರು. "ಬಾಯಿ ತೆಗಿ, ನೋಡೋಣ."

"ನಿನ್ನೆ ತಾನೆ ನೋಡಿದ್ಯಲ್ಲೇ."

"ಇವತ್ತು ಬೇರೆ ಇರುತ್ತೆ. ತೆಗಿ."

ಅಕ್ಕ ಬಾಯಿ ತೆರೆದರೆ ಒಸಡಿನ ನಡುವೆ ಕ್ಯಾಪ್ ಮಿನುಗುತ್ತಿರುತ್ತಿತ್ತು. ಬುಗುರಿಗೆ ಹೊಟ್ಟೆಯುರಿ. "ನಿಂದು ಕಣ್ಣಿಗೆ ಕಾಣುತ್ತೆ. ಸುತ್ತ ಒಸಡು ಎಷ್ಟು ಚೆಂದ ಕೂತಿದೆ ನೋಡು. ಇನ್ನು ಕುಯ್ಯೋ ಹಾಗೂ ಇಲ್ಲ. ನನ್ನದು ಹೂತಿಟ್ಟ ಹಾಗೆ."

"ನಿಂದಕ್ಕೆ ಬ್ರಷ್ ಬೇಡ, ಏನೂ ಸಿಕ್ಕಿಹಾಕಿಕೊಳ್ಳಲ್ಲ. ನನಗೆ ಪ್ರತಿ ತುತ್ತಿಗೂ ಅಲ್ಲೊಂದು ಚೂರು ಸಿಕ್ಕಿರುತ್ತೆ. ಯಾವುದಾದ್ರೇನು, ಸುಮ್ಮನೆ ಇದ್ರೆ ಎರಡೂ ವಾಸಿಯಾಗುತ್ತೆ," ಅಂದಳು ಅಕ್ಕ.

ಸುಮ್ಮನಿರುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಬುಗುರಿ ಮಾಡುತ್ತಿದ್ದಳು. ಡಾಕ್ಟರಮ್ಮನಿಗೆ ಫೋನಿನ ಮೇಲೆ ಫೋನು. ಎಕ್ಸರೇ ತೆಗೆಯಿರೆಂದು ಒಮ್ಮೆ ಕರೆಯದೆಯೇ ಹೋಗಿ ಕೂತಳು. "ಇಷ್ಟು ಬೇಗ ಏನೂ ತಿಳಿಯಲ್ಲ" ಎಂದು ಕಳಿಸಿದರು. ಅವತ್ತು ಮನೆಗೆ ಬಂದು ಪ್ಲೇಟನ್ನು ಬಟ್ಟಲಿಗೆ ಎಸೆದು ಗೊಣಗಿದಾಗ, ಹಾಲಲ್ಲಿ ನೆನೆಸಿದ ಬ್ರೆಡ್ಡು ತಿನ್ನುತ್ತಿದ್ದ ಅಕ್ಕ ತಲೆಯೆತ್ತದೆ ಹೇಳಿದಳು:

"ಯಾವುದನ್ನೂ ಕೂಡಿಕೊಳ್ಳೋಕೆ ನೀನು ಬಿಡಲ್ಲ. ಒಂಚೂರು ತಾಳ್ಮೆ ಇದ್ದಿದ್ರೆ ಸಂಸಾರವೂ ಉಳೀತಿತ್ತು."

ಇಷ್ಟು ವರ್ಷದಲ್ಲಿ ಆ ಮಾತನ್ನು ಅಕ್ಕ ಆಡಿದ್ದು ಅದೇ ಮೊದಲು. ಬುಗುರಿ ಪ್ಲೇಟನ್ನು ಬಟ್ಟಲಲ್ಲೇ ಬಿಟ್ಟಳು. ಕೆಳಗಿಳಿದು ಹೋಗಿ ಯಾರಿಗೂ ಅವಸರವಿಲ್ಲದ ಸೋಫಾ ಗವಸನ್ನು ಯಂತ್ರ ತುಳಿದು ತುಳಿದು ಹೊಲಿದಳು. ಹೊಲಿಗೆ ಅಡ್ಡಾದಿಡ್ಡಿಯಾಗಿ ಎಲ್ಲ ಬಿಚ್ಚಬೇಕಾಯಿತು.

ಆಮೇಲೆ ಇಬ್ಬರಲ್ಲೂ ಮಾತು ಬೇಕಾದಷ್ಟಕ್ಕೆ ಮಾತ್ರ. ಬಾಯಿ ತೆಗಿ ಎನ್ನುವುದೂ ನಿಂತಿತು. ಆದರೆ ಕಣ್ಣು ನಿಲ್ಲಬೇಕಲ್ಲ. ಊಟಕ್ಕೆ ಕೂತಾಗ ಅಕ್ಕ ತಲೆಯನ್ನು ಒಂದು ಕಡೆ ವಾಲಿಸಿ ನುಂಗುವುದು, ನೀರು ಕುಡಿದರೆ ಕೆನ್ನೆ ಹಿಡಿದುಕೊಳ್ಳುವುದು, ಬೇಯಿಸಿದ ಆಲೂಗಡ್ಡೆಯನ್ನೂ ಹಿಸುಕಿ ಬದಿಗಿಡುವುದು ಬುಗುರಿಗೆ ಕಂಡಿತು. ಒಂದು ಹೊತ್ತು ತಡೆದಳು. ಇನ್ನೊಂದು ಹೊತ್ತು ತಡೆಯಲಾಗಲಿಲ್ಲ. ಎದ್ದು ಹೋಗಿ ಅಕ್ಕನ ಗದ್ದ ಹಿಡಿದಳು.

"ಬಾಯಿ ತೆಗಿ."

"ಏನಿಲ್ಲ ಬಿಡೇ."

"ತೆಗೀತೀಯೋ ಇಲ್ವೋ!"

ಕ್ಯಾಪ್ ಓರೆಯಾಗಿತ್ತು. ಒಂದು ಕಡೆಯ ಒಸಡು ಕೆಂಪಗೆ ಊದಿ ಅದರ ಮೇಲೇರಿತ್ತು. ಬುಗುರಿಯ ಬೆರಳು ತಾಕಿದ್ದೇ ಅದು ತಿರುಗಿತು. ಅಕ್ಕನ ಕಣ್ಣಲ್ಲಿ ನೀರು ಬಂತು, ಸದ್ದು ಬರಲಿಲ್ಲ.

"ಯಾವತ್ತಿಂದ?"

"ಸ್ವಲ್ಪ ದಿನ ಆಯ್ತು. ಸಡಿಲ ಆಗಿದೆ, ಅಷ್ಟೆ. ಹೇಗೂ ಮುಂದಿನ ತಿಂಗಳು ಹೋಗ್ಬೇಕಲ್ಲ, ಆಗ ಹೇಳಿದ್ರಾಯ್ತು ಅಂದ್ಕೊಂಡೆ."

"ಅಂದ್ಕೊಂಡೆ ಅಂತೆ! ನೋವು ನುಂಗಿಕೊಂಡು ಕೂತ್ಕೋ ಅಂತ ನಿನಗೆ ಯಾರೇ ಹೇಳಿದ್ದು? ಆ ಮನುಷ್ಯನ ಜೊತೆ ಇಡೀ ಆಯುಷ್ಯ ಹಾಗೇ ಕೂತೆ. ಈಗ ಈ ಚೂರು ಲೋಹಕ್ಕೂ ಹಾಗೇ ಕೂರ್ತೀಯಾ? ಇದನ್ನ ತಾಳ್ಮೆ ಅಂತ ನನಗೆ ಕಲಿಸೋಕೆ ಬಂದೆಯಲ್ಲ!"

ಅಕ್ಕ ಎದ್ದು ಶಾಲು ಹುಡುಕಿದಳು. ಕೆಳಗೆ ಮೇಜಿನ ಮೇಲೆ ಹರಡಿದ್ದ ಬಟ್ಟೆ, ಸೀಮೆಸುಣ್ಣದ ಗುರುತು ಎಲ್ಲ ಹಾಗೇ ಇರಲಿ ಎಂದು ಬುಗುರಿ ಅಂಗಡಿಯ ಬಾಗಿಲೆಳೆದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ನೋಡಿ ಹುಬ್ಬು ಗಂಟಿಕ್ಕಿದಳು. "ಕ್ಯಾಪ್ ಮಾತ್ರ ತಿರುಗ್ತಿದ್ರೆ ಚಿಂತೆ ಇಲ್ಲ. ಇಂಪ್ಲಾಂಟೇ ತಿರುಗ್ತಿದ್ರೆ ತೆಗೀಬೇಕಾಗುತ್ತೆ." ಬುಗುರಿಯನ್ನು ಹೊರಗೆ ಕೂರಲು ಹೇಳಿದರು. ಅವಳು ಕೂತರೆ ತಾನೆ? ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ನೀರಿನ ಡಬ್ಬಕ್ಕೆ, ಅಲ್ಲಿಂದ ಮುಚ್ಚಿದ ಬಾಗಿಲಿಗೆ. ಕಾಯುತ್ತಿದ್ದ ಮುದುಕರೊಬ್ಬರು, "ಅಮ್ಮಾ, ನೀವು ನಡೆಯೋದು ನೋಡಿ ನನಗೆ ತಲೆ ಸುತ್ತುತ್ತೆ" ಅಂದರು. "ಹಾಗಾದ್ರೆ ಕಣ್ಣು ಮುಚ್ಕೊಳ್ಳಿ" ಅಂದುಬಿಟ್ಟಳು.

ಕೊನೆಗೆ ಒಳಗೆ ಕರೆದರು. ಇಂಪ್ಲಾಂಟ್ ಗಟ್ಟಿಯಾಗಿತ್ತು, ಸಡಿಲವಾಗಿದ್ದು ಕ್ಯಾಪ್ ಮಾತ್ರ. ಅಡಿಯಲ್ಲಿ ಸೇರಿದ್ದ ಕೊಳೆ ತೊಳೆದು, ಮೇಲೇರಿದ್ದ ಒಸಡು ಸರಿಸಿ, ತುಸು ಎತ್ತರದ ಹೊಸ ಕ್ಯಾಪ್ ಬಿಗಿದಿದ್ದರು. "ಇನ್ನೂ ತಡ ಮಾಡಿದ್ರೆ ಮೂಳೆಗೇ ಸೋಂಕು ಇಳೀತಿತ್ತು" ಎಂದು ಡಾಕ್ಟರಮ್ಮ ಹೇಳುವಾಗ ಬುಗುರಿ ಅಕ್ಕನನ್ನು ದುರುಗುಟ್ಟಿ ನೋಡಿದಳು.

"ಬನ್ನಿ, ನೀವೂ ಕೂತ್ಕೊಳ್ಳಿ," ಅಂದಳು ಡಾಕ್ಟರಮ್ಮ.

"ನನಗೇನಾಗಿದೆ?"

ಆಗಿತ್ತು. ಪ್ಲೇಟು ಒತ್ತಿ ಒತ್ತಿ ಒಸಡು ತೆಳುವಾಗಿ, ಅಡಗಿರಬೇಕಾದ ಕವರ್ ಸ್ಕ್ರೂವಿನ ಅಂಚು ಬೆಳ್ಳಗೆ ಇಣುಕಿತ್ತು. ಈಗ ದುರುಗುಟ್ಟುವ ಸರದಿ ಅಕ್ಕನದು. "ಗಾಬರಿ ಬೇಡ" ಎಂದು ಡಾಕ್ಟರಮ್ಮ ಪ್ಲೇಟಿನ ಒಳಬದಿಯನ್ನು ಒಸಡಿಗೆ ತಾಕದಂತೆ ಉಜ್ಜಿ ಕೊಟ್ಟಳು, ತೊಳೆಯಲು ಔಷಧಿ ಬರೆದಳು. "ನಾಲಿಗೆಗೆ ಬೇರೆ ಏನಾದ್ರೂ ಕೆಲಸ ಕೊಡಿ."

"ಅವಳ ನಾಲಿಗೆಗೆ ಕೆಲಸ ಕಡಿಮೆ ಅಂತೀರಾ?" ಅಂದಳು ಅಕ್ಕ. ಕೆನ್ನೆ ಮರಗಟ್ಟಿದ್ದರಿಂದ ಮಾತು ತೊದಲಿತು. ಡಾಕ್ಟರಮ್ಮ ನಕ್ಕಳು, ಬುಗುರಿಗೂ ನಗು ತಡೆಯಲಾಗಲಿಲ್ಲ.

ವಾಪಸು ಬರುವಾಗ ಇಬ್ಬರೂ ನಡೆದೇ ಹೊರಟರು. ಬುಗುರಿ ನಾಲ್ಕು ಹೆಜ್ಜೆ ಮುಂದೆ ಹೋಗುವಳು, ನಿಲ್ಲುವಳು. ಸೈಕಲ್ ಅಂಗಡಿಯ ಹತ್ತಿರ ಅಕ್ಕ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ಆವತ್ತು ಆ ಮನೆ ಬಿಟ್ಟು ಬರುವಾಗ ಏನು ತಗೊಂಡು ಹೊರಟೆ?"

"ಕತ್ತರಿ. ಕಾಲಿಗೆ ಚಪ್ಪಲಿ ಇತ್ತೋ ಇಲ್ವೋ ನೆನಪಿಲ್ಲ. ಯಾಕೆ?"

"ನಾನೂ ಒಂದ್ಸಲ ಚೀಲ ಕಟ್ಟಿದ್ದೆ. ನೀನು ಬಂದ ಮಾರನೇ ವರ್ಷ. ಏನೇನು ಬೇಕು ಅಂತ ಯೋಚನೆ ಮಾಡ್ತಾ ಮಾಡ್ತಾ ಸಂಜೆ ಆಯ್ತು. ಅವರು ಬಂದ್ರು. ಬಿಚ್ಚಿ ಎಲ್ಲ ಕಪಾಟಿಗೆ ವಾಪಸ್ ಇಟ್ಟೆ." ಸೆರಗು ಬಿಟ್ಟು ಸೇರಿಸಿದಳು: "ಮೊನ್ನೆ ನಾನು ಹಾಗೆ ಅನ್ನಬಾರದಿತ್ತು. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಕಣೇ."

ಬುಗುರಿ ಅಕ್ಕನ ತೋಳಿಗೆ ತೋಳು ಸೇರಿಸಿ, ಅವಳ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಲು ನೋಡಿದಳು. ಅಂಗಡಿ ಮುಟ್ಟುವವರೆಗೂ ಆ ಹೆಜ್ಜೆ ಹೊಂದಲಿಲ್ಲ.

ಅಕ್ಕನ ಹಲ್ಲು ಮೊದಲು ಬಂತು. ಕ್ಯಾಪ್ ಬಿಚ್ಚಿ, ಅಚ್ಚು ತೆಗೆದು, ಹಲ್ಲು ಕೂರಿಸಿದರು. ಬುಗುರಿಗೆ ಕವರ್ ಸ್ಕ್ರೂ ತೆಗೆದು ಆಮೇಲೆ ಕ್ಯಾಪ್ ಹಾಕಿ, ಒಸಡು ಆಕಾರಕ್ಕೆ ಬರಲು ಮತ್ತೆ ಕೆಲವು ವಾರ ಕಾಯಿಸಿದರು. ಮೂಳೆ ಚೆನ್ನಾಗಿ ಹಿಡಿದಿತ್ತು. ಆ ವಾರಗಳಲ್ಲೂ ಅವಳು ಚಡಪಡಿಸಿದಳು, ಫೋನು ಮಾಡಿದಳು, ಬೈಸಿಕೊಂಡಳು. ಪ್ಲೇಟನ್ನು ಮಾತ್ರ ನಾಲಿಗೆಯಿಂದ ಆಡಿಸಲಿಲ್ಲ.

ಬದಲಾದದ್ದು ಅಕ್ಕ. ಈಗ ಅವಳ ಬಾಯಿಗೆ ಬಿಡುವಿಲ್ಲ. ಚಹಾ ಆರಿದೆ, ದಿಂಬು ಕಲ್ಲಿನಂತಿದೆ, ಯಂತ್ರಕ್ಕೆ ಎಣ್ಣೆ ಬಿಡು, ಆ ಕಿಟಕಿ ಕಿರುಗುಟ್ಟುತ್ತೆ, ನಿನ್ನ ಸಾರಿಗೆ ಉಪ್ಪಿಲ್ಲ. ತಾಳಲಾರದೆ ಬುಗುರಿ ಒಂದು ದಿನ, "ಅಕ್ಕಾ, ಸ್ವಲ್ಪ ಹೊತ್ತು ಸುಮ್ಮನಿರೇ ಮಾರಾಯ್ತಿ" ಅಂದಳು.

"ಯಾಕಿರಲಿ?" ಅಂದಳು ಅಕ್ಕ, ಹೊಸ ಹಲ್ಲಿನ ಕಡೆಯಿಂದ ಗಟ್ಟಿ ಬಿಸ್ಕತ್ತೊಂದನ್ನು ಕಟುಮ್ಮನೆ ಕಡಿಯುತ್ತ. "ಈ ಬಿಸ್ಕತ್ತೂ ಮೆತ್ತಗಾಗಿದೆ. ಬೇರೆ ತಾ."